ಎಡಿಟ್ ಮಾಡಿದ ಯಕ್ಷಗಾನ ಆಟದ ಫೋಟೋ ಅಪ್‌ಲೋಡ್ ಆಗುತ್ತಿಲ್ಲ, ಆದದ್ದರಲ್ಲಿ ಬಣ್ಣವೇ ಬೇರೆ

ಕಲ್ಯಾಣಪುರ_ಚೆಂಡೆ

ಎಲ್ಲರಿಗೂ ನಮಸ್ಕಾರ. ನಮ್ಮದು ಉಡುಪಿ ಹತ್ತಿರದ ಒಂದು ಹವ್ಯಾಸಿ ಯಕ್ಷಗಾನ ತಂಡ. ತಂಡದ ವೆಬ್‌ಸೈಟ್ ನೋಡಿಕೊಳ್ಳುವ ಕೆಲಸ ನನ್ನದು. ಸೈಟ್ ವರ್ಡ್‌ಪ್ರೆಸ್‌ನಲ್ಲಿದೆ. ಈ ಸಲದ ಆಟಗಳ ಫೋಟೋಗಳನ್ನು ಎಡಿಟ್ ಮಾಡಿಸಿ ಪೆನ್‌ಡ್ರೈವ್‌ನಲ್ಲಿ ತಂದಿದ್ದೇನೆ. ಇನ್ನು ಕೆಲವು ತಂಡದವರ ಫೋನ್‌ಗಳಿಂದ ಬಂದಿವೆ.

ನನ್ನ ಕಂಪ್ಯೂಟರಿನಲ್ಲಿ ಎಲ್ಲವೂ ಚಂದ ಕಾಣುತ್ತವೆ. ಸೈಟಿಗೆ ಹಾಕಲು ಹೋದರೆ ಒಂದೊಂದರದ್ದು ಒಂದೊಂದು ಕತೆ. ಕೆಲವಕ್ಕೆ ಈ ಬಗೆಯ ಫೈಲಿಗೆ ಅನುಮತಿ ಇಲ್ಲ ಅಂತ ಬರುತ್ತದೆ. ಹೆಸರಿನ ಕೊನೆಗೆ ಜೆಪಿಜಿ ಅಂತಲೇ ಇದೆ! ಕೆಲವು ನೂರು ಶೇಕಡಾ ತನಕ ಹೋಗಿ ಕೊನೆಗೆ ಎರರ್ ಕೊಡುತ್ತವೆ. ಹತ್ತಿದ ಫೋಟೋಗಳಲ್ಲಿ ಬಣ್ಣದ ವೇಷದ (ರಾಕ್ಷಸ ಪಾತ್ರದ) ಕೆಂಪು ಮಂಕಾಗಿ ಇಟ್ಟಿಗೆ ಬಣ್ಣಕ್ಕೆ ತಿರುಗಿದೆ. ಸ್ತ್ರೀವೇಷದ ಒಂದು ಫೋಟೋ ಅಡ್ಡ ಮಲಗಿದೆ. ಇನ್ನೊಂದರಲ್ಲಿ ಕಿರೀಟದಿಂದ ಎದೆಯ ತನಕ ಸರಿ ಇದೆ, ಅಲ್ಲಿಂದ ಕೆಳಗೆ ಬರೀ ಬೂದು.

ಸೈಟಿನದ್ದೇ ಏನಾದರೂ ತೊಂದರೆಯಾ? ಹೋಸ್ಟಿಂಗ್‌ನವರನ್ನು ಕೇಳಿದರೆ ಫೋಟೋ ಸರಿ ಇಲ್ಲ ಅನ್ನುತ್ತಾರೆ. ಎಡಿಟ್ ಮಾಡಿದವರು ಸೈಟ್ ಸರಿ ಇಲ್ಲ ಅನ್ನುತ್ತಾರೆ.

ಕುಂದಾಪ್ರ_ಮಾಣಿ

ಯಾವುದಾದರೂ ಆನ್‌ಲೈನ್ ಕನ್ವರ್ಟರ್‌ಗೆ ಎಲ್ಲವನ್ನೂ ಒಟ್ಟಿಗೆ ಹಾಕಿ ಜೆಪಿಜಿ ಮಾಡಿ ತೆಗೆಯಿರಿ ಮಾರಾಯ್ರೆ. ಹತ್ತು ನಿಮಿಷದ ಕೆಲಸ.

ಬಿಜೈ_ಸರ್ವರ್

ಈಗಲೇ ಕನ್ವರ್ಟ್ ಮಾಡಬೇಡಿ, ಅಕ್ಕ. ನೀವು ಹೇಳಿದ್ದು ಒಂದೇ ರೋಗ ಅಲ್ಲ, ಕಡಿಮೆ ಅಂದರೂ ನಾಲ್ಕೈದು ಬೇರೆ ಬೇರೆ. ಸುಮ್ನೆ ಎಲ್ಲವನ್ನೂ ಒಂದೇ ಮೆಷಿನಿಗೆ ಹಾಕಿದರೆ ಫೋಟೋ ಹತ್ತಬಹುದು, ಆದರೆ ಹಾಳಾದ ಬಣ್ಣ ಹಾಗೇ ಉಳಿಯುತ್ತದೆ.

ಮೊದಲು ಹತ್ತದೇ ಇರುವುದನ್ನು ನೋಡುವ. ಹೆಸರಿನ ಕೊನೆಯ ಜೆಪಿಜಿ ಬರೀ ಹೆಸರು. ಒಳಗೆ ಏನಿದೆ ಎನ್ನುವುದು ಫೈಲಿನ ಮೊದಲ ಕೆಲವು ಬೈಟ್‌ಗಳಲ್ಲಿರುತ್ತದೆ. ಫೈಲಿನ ಒಂದು ಕಾಪಿ ಮಾಡಿಕೊಳ್ಳಿ. ಆ ಕಾಪಿಯ ಮೇಲೆ ರೈಟ್ ಕ್ಲಿಕ್ ಮಾಡಿ ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಪೂರ್ತಿ ಗಜಿಬಿಜಿ ಕಾಣುತ್ತದೆ, ಹೆದರಬೇಡಿ. ಮೊದಲ ಸಾಲು ಮಾತ್ರ ನೋಡಿ. ಜೆಎಫ್‌ಐಎಫ್ ಅಥವಾ ಎಕ್ಸಿಫ್ ಅಂತ ಇಂಗ್ಲಿಷ್ ಅಕ್ಷರ ಕಂಡರೆ ಅದು ನಿಜವಾದ ಜೆಪೆಗ್. ಪಿಎನ್‌ಜಿ ಅಂತಿದ್ದರೆ ಪಿಎನ್‌ಜಿ. ಆರ್‌ಐಎಫ್‌ಎಫ್, ಸ್ವಲ್ಪ ಮುಂದೆ ವೆಬ್‌ಪಿ ಅಂತಿದ್ದರೆ ವೆಬ್‌ಪಿ. ಎಫ್‌ಟಿವೈಪಿ, ಅದರ ಪಕ್ಕ ಹೈಕ್ (ಎಚ್‌ಇಐಸಿ) ಎನ್ನುವ ನಾಲ್ಕು ಅಕ್ಷರ ಇದ್ದರೆ ಅದು ಹೆಚ್ಚಾಗಿ ಐಫೋನಿನ ಫೋಟೋ. 8ಬಿಪಿಎಸ್ ಅಂತ ಶುರುವಾದರೆ ಫೋಟೋಶಾಪ್‌ನ ಲೇಯರ್ ಫೈಲಿಗೆ ಯಾರೋ ಜೆಪಿಜಿ ಅಂತ ಹೆಸರು ಹಾಕಿದ್ದಾರೆ ಅಂತ ಅರ್ಥ. ನೋಡಿ ಆದ ಮೇಲೆ ಸೇವ್ ಮಾಡದೆ ಮುಚ್ಚಿ. ನೋಟ್‌ಪ್ಯಾಡ್‌ನಲ್ಲಿ ಸೇವ್ ಮಾಡಿದರೆ ಫೋಟೋ ಹೋದ ಹಾಗೆ.

ಹಾಗೆಯೇ ವಿಂಡೋಸ್‌ನ ಫೋಲ್ಡರಿನಲ್ಲಿ ವ್ಯೂ ಮೆನುವಿಗೆ ಹೋಗಿ ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್ ಆನ್ ಮಾಡಿ. ಅದು ಆಫ್ ಇದ್ದರೆ ಕೊನೆಯ ತುಂಡು ಕಾಣುವುದಿಲ್ಲ. ಹೆಸರಿನಲ್ಲಿ ಜೆಪಿಜಿ ಅಂತ ಕಂಡರೂ ಅದರ ಹಿಂದೆ ಇನ್ನೊಂದು ಎಕ್ಸ್‌ಟೆನ್ಶನ್ ಅಡಗಿರಬಹುದು.

ಕಲ್ಯಾಣಪುರ_ಚೆಂಡೆ

ನೋಡಿದೆ ಅಣ್ಣ. ಅನುಮತಿ ಇಲ್ಲ ಅಂದ ಫೋಟೋಗಳೆಲ್ಲ ಫೋನಿನಿಂದ ಬಂದವು. ಎಲ್ಲದರಲ್ಲೂ ಎಫ್‌ಟಿವೈಪಿ, ಪಕ್ಕದಲ್ಲಿ ಹೈಕ್. ಆದರೆ ನನ್ನ ಕಂಪ್ಯೂಟರಿನಲ್ಲಿ ತೆರೆಯುತ್ತದಲ್ಲ, ಅದು ಹೇಗೆ?

ಬಿಜೈ_ಸರ್ವರ್

ಫೋಟೋ ತೋರಿಸುವ ಎಷ್ಟೋ ಸಾಫ್ಟ್‌ವೇರ್‌ಗಳು ಹೆಸರು ನೋಡುವುದಿಲ್ಲ, ಒಳಗಿನದ್ದನ್ನು ನೋಡಿ ತೆರೆಯುತ್ತವೆ. ವೆಬ್‌ಸೈಟ್ ಎರಡನ್ನೂ ತಾಳೆ ನೋಡುತ್ತದೆ. ತಾಳೆ ಆಗದಿದ್ದರೆ ಬಿಡುವುದಿಲ್ಲ. ಅದು ಸುರಕ್ಷತೆಗೆ ಬೇಕಾದದ್ದೇ. ಇಲ್ಲದಿದ್ದರೆ ಫೋಟೋ ಹೆಸರಿಟ್ಟು ಯಾರು ಬೇಕಾದರೂ ಏನನ್ನೂ ಒಳಗೆ ತೂರಿಸಬಹುದು.

ಆಪಲ್‌ನವರು 2017ರಲ್ಲಿ, ಐಒಎಸ್ 11ರ ಜೊತೆ, ಐಫೋನಿಗೆ ಈ ಫಾರ್ಮ್ಯಾಟ್ ತಂದರು. ಜಾಗ ಕಡಿಮೆ ತಿನ್ನುತ್ತದೆ, ಕ್ವಾಲಿಟಿ ಒಳ್ಳೆಯದೇ. ಆದರೆ ಎಲ್ಲ ಬ್ರೌಸರ್‌ಗಳೂ ತೋರಿಸುವುದಿಲ್ಲ. ವರ್ಡ್‌ಪ್ರೆಸ್ 6.7ರಿಂದ ಹೈಕ್ ಫೋಟೋ ಬಂದರೆ ಸೈಟ್ ತಾನೇ ಜೆಪೆಗ್ ಮಾಡಿಕೊಳ್ಳುತ್ತದೆ. ಆದರೆ ಸರ್ವರಿನಲ್ಲಿ ಫೋಟೋ ಸಣ್ಣ ಮಾಡುವ ಇಮ್ಯಾಜಿಕ್ ಎನ್ನುವ ಸಾಫ್ಟ್‌ವೇರ್‌ಗೆ ಹೈಕ್ ಓದಲು ಬಂದರೆ ಮಾತ್ರ. ಕಡಿಮೆ ದುಡ್ಡಿನ ಹೋಸ್ಟಿಂಗ್‌ನಲ್ಲಿ ಅದನ್ನು ನಂಬಿ ಕೂರಬೇಡಿ.

ಫೋನಿನವರಿಗೆ ಹೇಳಿ: ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ, ಅದರಲ್ಲಿ ಫಾರ್ಮ್ಯಾಟ್ಸ್, ಅಲ್ಲಿ ಮೋಸ್ಟ್ ಕಂಪ್ಯಾಟಿಬಲ್. ಇನ್ನು ಮುಂದೆ ತೆಗೆಯುವುದು ಜೆಪೆಗ್ ಆಗಿಯೇ ಬರುತ್ತದೆ. ಈಗಾಗಲೇ ಇರುವುದನ್ನು ಜಿಂಪ್‌ನಲ್ಲೋ ಫೋಟೋಶಾಪ್‌ನಲ್ಲೋ ತೆರೆದು ಜೆಪೆಗ್ ಆಗಿ ಎಕ್ಸ್‌ಪೋರ್ಟ್ ಮಾಡಿ. ಹೆಸರು ಬದಲಿಸುವುದು ಬೇಡ.

ಮಣಿಪಾಲ_ಮಳೆ

ಐಫೋನ್ ಮಾತು ಬಂತಲ್ಲ, ನನ್ನದೊಂದು ಸಂಶಯ ಇಲ್ಲೇ ಕೇಳುತ್ತೇನೆ. ಫೋನಿನಲ್ಲಿ ಕ್ರಾಪ್ ಮಾಡಿ, ಬೆಳಕು ಸರಿ ಮಾಡಿದ ಫೋಟೋವನ್ನು ಕೇಬಲ್ ಹಾಕಿ ಲ್ಯಾಪ್‌ಟಾಪಿಗೆ ತೆಗೆದರೆ ಹಳೇ ಫೋಟೋವೇ ಬರುತ್ತದೆ. ಅದನ್ನೇ ಅಪ್‌ಲೋಡ್ ಮಾಡಿದರೆ ಕ್ರಾಪ್ ಆಗದ್ದು ಕಾಣುತ್ತದೆ. ಜೊತೆಗೆ ಎಎಇ ಅನ್ನುವ ಸಣ್ಣ ಸಣ್ಣ ಫೈಲ್‌ಗಳೂ ಬರುತ್ತವೆ.

ಕಟಪಾಡಿ_ಕ್ಯಾಮೆರಾ

ಆ ಎಎಇ ಫೈಲಿನಲ್ಲಿ ಫೋಟೋ ಇರುವುದಿಲ್ಲ. ನೀವು ಏನೇನು ಎಡಿಟ್ ಮಾಡಿದಿರಿ ಎನ್ನುವ ಟಿಪ್ಪಣಿ ಮಾತ್ರ ಇರುತ್ತದೆ. ಫೋನ್ ಮೂಲ ಫೋಟೋವನ್ನು ಮುಟ್ಟುವುದಿಲ್ಲ. ಅದೇ ಫೋಲ್ಡರಿನಲ್ಲಿ ಹುಡುಕಿ, ಐಎಂಜಿ ಆದ ಮೇಲೆ ಇ ಅಕ್ಷರ ಸೇರಿ ಅದೇ ನಂಬರಿನ ಇನ್ನೊಂದು ಫೈಲ್ ಇರುತ್ತದೆ. ಎಡಿಟ್ ಆದದ್ದು ಅದು.

ಲೈಟ್‌ರೂಮ್‌ನಲ್ಲೂ ಇದೇ ಮಾತು. ಅಲ್ಲಿ ಎಷ್ಟೇ ತಿದ್ದಿದರೂ ಎಕ್ಸ್‌ಪೋರ್ಟ್ ಮಾಡದೆ ಡಿಸ್ಕಿನ ಫೋಟೋ ಬದಲಾಗುವುದಿಲ್ಲ. ಜಿಂಪ್‌ನಲ್ಲಿ ಸೇವ್ ಕೊಟ್ಟರೆ ಎಕ್ಸ್‌ಸಿಎಫ್ ಫೈಲ್ ಸಿಗುತ್ತದೆ, ಅದನ್ನು ಯಾವ ಸೈಟೂ ತೆಗೆದುಕೊಳ್ಳುವುದಿಲ್ಲ. ಎಕ್ಸ್‌ಪೋರ್ಟ್ ಆ್ಯಸ್ ಕೊಡಬೇಕು. ಹೊಸ ಫೋಟೋಶಾಪ್‌ನಲ್ಲಿ ಲೇಯರ್ ಇರುವ ಫೈಲಿಗೆ ಸೇವ್ ಆ್ಯಸ್ ಕೊಟ್ಟರೆ ಜೆಪೆಗ್ ಪಟ್ಟಿಯಲ್ಲೇ ಕಾಣುವುದಿಲ್ಲ. ಸೇವ್ ಎ ಕಾಪಿ ಅಥವಾ ಎಕ್ಸ್‌ಪೋರ್ಟ್‌ಗೆ ಹೋಗಬೇಕು. ಎಷ್ಟೋ ಜನ ಅಲ್ಲಿ ಜೆಪೆಗ್ ಸಿಗದೆ ಪಿಎಸ್‌ಡಿ ಮಾಡಿ ಕೊನೆಗೆ ಹೆಸರು ಬದಲಿಸುವುದು ಇದಕ್ಕೇ.

ಮಣಿಪಾಲ_ಮಳೆ

ಸಿಕ್ಕಿತು! ಇ ಸೇರಿದ ಫೈಲಿನಲ್ಲೇ ಉಂಟು. ಥ್ಯಾಂಕ್ಸ್ ಅಣ್ಣ.

ಬಿಜೈ_ಸರ್ವರ್

ಅಕ್ಕ, ನೂರಕ್ಕೆ ಹೋಗಿ ಎರರ್ ಬರುವ ಫೋಟೋಗಳ ಅಳತೆ ಎಷ್ಟು? ಎಂಬಿ ಅಲ್ಲ, ಪಿಕ್ಸೆಲ್ ಹೇಳಿ. ರೈಟ್ ಕ್ಲಿಕ್, ಪ್ರಾಪರ್ಟೀಸ್, ಡೀಟೇಲ್ಸ್‌ನಲ್ಲಿ ಸಿಗುತ್ತದೆ.

ಕಲ್ಯಾಣಪುರ_ಚೆಂಡೆ

6000×4000. ಸೈಜ್ 4 ಎಂಬಿ ಒಳಗೇ ಇದೆ. ನಮ್ಮ ಸೈಟಿನ ಮಿತಿ 8 ಎಂಬಿ ಅಂತ ಅಪ್‌ಲೋಡ್ ಪೇಜಿನಲ್ಲೇ ಬರೆದಿದೆ.

ಬಿಜೈ_ಸರ್ವರ್

ಅಲ್ಲೇ ಇರುವುದು. 4 ಎಂಬಿ ಎನ್ನುವುದು ಮಡಚಿಟ್ಟ ಅಳತೆ. ಸರ್ವರ್ ಅದನ್ನು ಸಣ್ಣದು ಮಾಡಬೇಕಾದರೆ ಮೊದಲು ಪೂರ್ತಿ ಬಿಚ್ಚಬೇಕು. 6000ವನ್ನು 4000ದಿಂದ ಗುಣಿಸಿದರೆ 2 ಕೋಟಿ 40 ಲಕ್ಷ ಪಿಕ್ಸೆಲ್. ಒಂದೊಂದಕ್ಕೆ 4 ಬೈಟ್ ಹಿಡಿದರೆ ಬಿಚ್ಚಿದ ಫೋಟೋಗೆ 96 ಎಂಬಿಯಷ್ಟು ಮೆಮೊರಿ ಬೇಕು. ಅದರ ಮೇಲೆ ವರ್ಡ್‌ಪ್ರೆಸ್ ಥಂಬ್‌ನೇಲ್, ಮೀಡಿಯಂ, ಲಾರ್ಜ್ ಅಂತ ಹಲವು ಅಳತೆ ಮಾಡಲು ಕೂರುತ್ತದೆ. ಸಣ್ಣ ಹೋಸ್ಟಿಂಗ್ ಅಲ್ಲೇ ಸುಸ್ತಾಗಿ ಕೈ ಬಿಡುತ್ತದೆ. ಫೈಲ್ ಹೋಗಿ ಮುಟ್ಟಿರುತ್ತದೆ, ಆಮೇಲಿನ ಕೆಲಸ ಆಗುವುದಿಲ್ಲ. ಹಾಗಾಗಿಯೇ ನೂರರಲ್ಲಿ ಎರರ್.

ಇಂಥ ಕಡೆ ಕ್ವಾಲಿಟಿ ಇಳಿಸಿ 4 ಎಂಬಿಯನ್ನು 1 ಎಂಬಿ ಮಾಡಿದರೆ ಪ್ರಯೋಜನ ಇಲ್ಲ. ಪಿಕ್ಸೆಲ್ ಅಷ್ಟೇ ಇರುತ್ತದಲ್ಲ, ಬಿಚ್ಚಿದರೆ ಮತ್ತೆ 96. ಉದ್ದ ಅಗಲವನ್ನೇ ಇಳಿಸಬೇಕು. ಹೇಗೂ 5.3ರಿಂದ ವರ್ಡ್‌ಪ್ರೆಸ್ 2560 ಪಿಕ್ಸೆಲ್ ದಾಟಿದ ಫೋಟೋವನ್ನು ತಾನೇ ಸಣ್ಣ ಮಾಡಿ ಅದನ್ನೇ ತೋರಿಸುತ್ತದೆ. ನೀವೇ ಉದ್ದದ ಬದಿಯನ್ನು 2000ಕ್ಕೆ ಇಳಿಸಿ ಕೊಡಿ. ಸಣ್ಣ ಮಾಡುವ ಕೆಲಸ ನಿಮ್ಮ ಕೈಯಲ್ಲೇ ಇರಲಿ.

ಕಾರ್ಕಳ_ಓದು

ಮಧ್ಯೆ ಬರುತ್ತಿದ್ದೇನೆ, ಬೇಸರ ಮಾಡಬೇಡಿ. ಬ್ಯಾಂಕ್ ಪರೀಕ್ಷೆಯ ಅರ್ಜಿಗೆ ಫೋಟೋ 20ರಿಂದ 50 ಕೆಬಿ, 200×230 ಪಿಕ್ಸೆಲ್ ಅಂತ ಕೇಳುತ್ತಾರೆ. ಸ್ಟುಡಿಯೋದಲ್ಲಿ ಕೊಟ್ಟದ್ದು 3 ಎಂಬಿ. ಒಂದು ಸೈಟಿನಲ್ಲಿ ಕಂಪ್ರೆಸ್ ಮಾಡಿದರೆ 12 ಕೆಬಿಗೆ ಹೋಯಿತು, ಸಣ್ಣದಾಯಿತು ಅಂತ ಬೇಡ ಅನ್ನುತ್ತದೆ. ಡಿಪಿಐ ಜಾಸ್ತಿ ಮಾಡಿದರೆ ಆಗುತ್ತಾ?

ಕಟಪಾಡಿ_ಕ್ಯಾಮೆರಾ

ಡಿಪಿಐ ಮುಟ್ಟಬೇಡಿ ತಮ್ಮ. ಅದು ಕಾಗದದ ಮೇಲೆ ಎಷ್ಟು ಇಂಚಿಗೆ ಅಚ್ಚು ಹಾಕಬೇಕು ಎನ್ನುವ ಸೂಚನೆ ಅಷ್ಟೆ. 72 ಇದ್ದರೂ 300 ಇದ್ದರೂ ಪರದೆಗೆ ಪಿಕ್ಸೆಲ್ ಒಂದೇ. ಮೊದಲು ಆ ಆಕಾರಕ್ಕೆ ಕ್ರಾಪ್ ಮಾಡಿ. ಸೀದಾ ರೀಸೈಜ್ ಮಾಡಿದರೆ ಮುಖ ಉದ್ದವೋ ಅಗಲವೋ ಆಗುತ್ತದೆ. ಆಮೇಲೆ 200×230ಕ್ಕೆ ಇಳಿಸಿ. ಜಿಂಪ್‌ನಲ್ಲಿ ಎಕ್ಸ್‌ಪೋರ್ಟ್ ಮಾಡುವಾಗ ಕ್ವಾಲಿಟಿ ಪಟ್ಟಿ ಬರುತ್ತದಲ್ಲ, ಅಲ್ಲಿ ಪ್ರಿವ್ಯೂ ಟಿಕ್ ಮಾಡಿದರೆ ಸೈಜ್ ಎಷ್ಟಾಗುತ್ತದೆ ಅಂತ ಅಲ್ಲೇ ತೋರಿಸುತ್ತದೆ. 20 ದಾಟುವ ತನಕ ಕ್ವಾಲಿಟಿ ಏರಿಸಿ.

ಇನ್ನೊಂದು ಮಾತು. ಅರ್ಜಿಯ ಫೋಟೋ, ಸಹಿ, ಆಧಾರ್ ಇವನ್ನೆಲ್ಲ ಗೊತ್ತಿಲ್ಲದ ಕಂಪ್ರೆಸ್ ಸೈಟಿಗೆ ಹಾಕಬೇಡಿ. ನಿಮ್ಮ ಸಹಿ ಯಾರದೋ ಸರ್ವರಿನಲ್ಲಿ ಕೂರುತ್ತದೆ. ಆನ್‌ಲೈನೇ ಬೇಕಾದರೆ ಗೂಗಲ್ ಕ್ರೋಮ್ ತಂಡದವರ ಸ್ಕ್ವೂಶ್ ಇದೆ. ಅದು ನಿಮ್ಮ ಬ್ರೌಸರಿನ ಒಳಗೇ ಕೆಲಸ ಮಾಡುತ್ತದೆ, ಫೋಟೋ ಹೊರಗೆ ಹೋಗುವುದಿಲ್ಲ.

ಕುಂದಾಪ್ರ_ಮಾಣಿ

ಇದು ಒಪ್ಪುವ ಮಾತು. ಆದರೆ ಆಟದ ಫೋಟೋಗೆ ಅಂಥ ಹೆದರಿಕೆ ಎಂತದಕ್ಕೆ? ಹೇಗೂ ಊರಿಗೆಲ್ಲ ತೋರಿಸಲು ಇರುವುದು. ಸಾವಿರ ಜನ ಫೋನಿನಲ್ಲಿ ಒಂದು ನಿಮಿಷ ನೋಡಿ ಮುಂದೆ ಹೋಗುತ್ತಾರೆ. ಬಣ್ಣ ಸ್ವಲ್ಪ ಆಚೆ ಈಚೆ ಆದರೆ ಯಾರಿಗೆ ಗೊತ್ತಾಗುತ್ತದೆ?

ಕಟಪಾಡಿ_ಕ್ಯಾಮೆರಾ

ವೇಷ ಕಟ್ಟಿದವರಿಗೆ ಗೊತ್ತಾಗುತ್ತದೆ, ಮಾಣಿ. ಬಣ್ಣದ ವೇಷದವರು ಚೌಕಿಯಲ್ಲಿ (ವೇಷ ಕಟ್ಟುವ ಕೋಣೆಯಲ್ಲಿ) ಗಂಟೆಗಟ್ಟಲೆ ಕೂತು ಮುಖ ಬರೆದುಕೊಳ್ಳುತ್ತಾರೆ. ಅಕ್ಕಿ ಹಿಟ್ಟು, ಸುಣ್ಣ ಕಲಸಿ ಒಂದೊಂದೇ ಚಿಟ್ಟಿ ಇಡುತ್ತಾರೆ. ಕೆಂಪಿನ ಮೇಲೆ ಆ ಬಿಳಿ ಮುಳ್ಳು ಎದ್ದು ನಿಲ್ಲಬೇಕು ಅಂತಲೇ ಇಡುವುದು. ನಾವು ಫೋಟೋ ತೆಗೆದು, ತಿದ್ದಿ, ಕೊನೆಯ ಒಂದು ಬಟನ್‌ನಲ್ಲಿ ಅದನ್ನು ಕೆಸರು ಮಾಡಿ ಊರಿಗೆ ತೋರಿಸುವುದು ನನಗೆ ಸರಿ ಕಾಣುವುದಿಲ್ಲ. ನಾಳೆ ಹೊಸಬರು ವೇಷದ ಬಣ್ಣ ಹೇಗಿತ್ತು ಅಂತ ಹುಡುಕುವುದೂ ಇಂಥ ಸೈಟಿನಲ್ಲೇ ಅಲ್ವಾ?

ಹಾಗಾಗಿ ಅಕ್ಕ, ನಿಮ್ಮ ಕೆಂಪಿನ ವಿಷಯ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಕೆಂಪು ಮಂಕಾಗಿ ಇಟ್ಟಿಗೆ ಬಣ್ಣ ಆಗಿದೆ ಅಂದಿರಿ. ಹೆಚ್ಚಾಗಿ ಇದು ಅಡೋಬ್ ಆರ್‌ಜಿಬಿ ಎನ್ನುವ ಬಣ್ಣದ ಅಳತೆಯ ಕೆಲಸ. ಕ್ಯಾಮೆರಾದಲ್ಲೋ ಎಡಿಟ್ ಮಾಡಿದ ಕಡೆಯೋ ಅದನ್ನು ಇಟ್ಟಿರುತ್ತಾರೆ. ಬ್ರೌಸರ್‌ಗಳ ಲೋಕ ನಡೆಯುವುದು ಎಸ್‌ಆರ್‌ಜಿಬಿ ಎನ್ನುವ ಇನ್ನೊಂದು ಅಳತೆಯಲ್ಲಿ. ಫೈಲಿನಲ್ಲಿ ಬಣ್ಣ ಅಂದರೆ ಬರೀ ಅಂಕಿ. ಆ ಅಂಕಿಯನ್ನು ಯಾವ ಅಳತೆಯಲ್ಲಿ ಓದಬೇಕು ಅಂತ ಹೇಳುವ ಚೀಟಿ ಪ್ರೊಫೈಲ್. ನಿಮ್ಮ ಕಂಪ್ಯೂಟರ್ ಆ ಚೀಟಿ ಓದಿ ಸರಿಯಾಗಿ ತೋರಿಸಿತು. ಸೈಟ್ ಸಣ್ಣ ಮಾಡುವಾಗ ಚೀಟಿಯನ್ನು ಕಿತ್ತು ಬಿಸಾಡಿತು. ಈಗ ಬ್ರೌಸರ್ ಅದೇ ಅಂಕಿಗಳನ್ನು ಎಸ್‌ಆರ್‌ಜಿಬಿ ಅಂತ ಓದುತ್ತದೆ, ಬಣ್ಣ ಸತ್ತು ಹೋಗುತ್ತದೆ.

ಸರಿ ಮಾಡುವುದು ಹೀಗೆ. ಫೋಟೋಶಾಪ್‌ನಲ್ಲಿ ಎಡಿಟ್ ಮೆನುವಿನಲ್ಲಿ ಕನ್ವರ್ಟ್ ಟು ಪ್ರೊಫೈಲ್ ಅಂತ ಇದೆ. ಅಲ್ಲಿ ಎಸ್‌ಆರ್‌ಜಿಬಿ ಆರಿಸಿ. ಅದರ ಹತ್ತಿರವೇ ಅಸೈನ್ ಪ್ರೊಫೈಲ್ ಅಂತಲೂ ಇದೆ, ಅದನ್ನು ಒತ್ತಬೇಡಿ. ಅಸೈನ್ ಅಂದರೆ ಚೀಟಿ ಮಾತ್ರ ಬದಲಾಗುತ್ತದೆ, ಅಂಕಿ ಹಾಗೇ ಇರುತ್ತದೆ. ಕನ್ವರ್ಟ್ ಅಂದರೆ ಬಣ್ಣ ಹಾಗೇ ಉಳಿಯುವ ಹಾಗೆ ಅಂಕಿಯನ್ನೇ ಬದಲಿಸುತ್ತದೆ. ಲೈಟ್‌ರೂಮ್‌ನಲ್ಲಾದರೆ ಎಕ್ಸ್‌ಪೋರ್ಟ್ ಪಟ್ಟಿಯಲ್ಲಿ ಕಲರ್ ಸ್ಪೇಸ್ ಎದುರು ಎಸ್‌ಆರ್‌ಜಿಬಿ ಇಟ್ಟರೆ ಆಯ್ತು.

ಇಷ್ಟು ಆದ ಮೇಲೂ ಕೆಂಪಿಗೆ ಇನ್ನೊಂದು ಕಂಟಕ ಇದೆ. ಜೆಪೆಗ್ ಸೈಜ್ ಉಳಿಸಲು ಬೆಳಕಿನ ವಿವರವನ್ನು ಪೂರ್ತಿ ಇಟ್ಟುಕೊಂಡು ಬಣ್ಣದ ವಿವರವನ್ನು ಅರ್ಧ ಉದ್ದ, ಅರ್ಧ ಅಗಲಕ್ಕೆ ಇಳಿಸಬಹುದು. ಅದಕ್ಕೆ ಕ್ರೋಮಾ ಸಬ್‌ಸ್ಯಾಂಪ್ಲಿಂಗ್ ಅನ್ನುತ್ತಾರೆ. ತೋಟ, ಕಡಲು, ಆಕಾಶದ ಫೋಟೋದಲ್ಲಿ ಇದು ಕಣ್ಣಿಗೆ ಗೊತ್ತಾಗುವುದಿಲ್ಲ. ಬಡಗುತಿಟ್ಟಿನ ವೇಷದ ಕಸೆ ಸೀರೆಯ ಚೌಕುಳಿ ನೋಡಿ, ಅಲ್ಲಿ ಗೊತ್ತಾಗುತ್ತದೆ. ಕೆಂಪು ಚೌಕದ ಬಣ್ಣ ಪಕ್ಕದ ಹಳದಿಗೆ ಇಳಿದು ಗೆರೆಯೆಲ್ಲ ಹರಡಿಕೊಳ್ಳುತ್ತದೆ. ಕ್ವಾಲಿಟಿ ತೀರಾ ಇಳಿಸಿದರೆ ಚಿಟ್ಟಿಯ ಸುತ್ತ ಕೊಳೆ ಕೂತ ಹಾಗೆ ಸಣ್ಣ ಸಣ್ಣ ಚುಕ್ಕಿ ಏಳುತ್ತದೆ.

ಫೋಟೋಶಾಪ್‌ನ ಸೇವ್ ಫಾರ್ ವೆಬ್‌ನಲ್ಲಿ ಕ್ವಾಲಿಟಿ 51 ಅಥವಾ ಮೇಲೆ ಇದ್ದರೆ ಬಣ್ಣ ಅರ್ಧ ಆಗುವುದಿಲ್ಲ. 12ರ ತನಕ ಇರುವ ಹಳೇ ಪಟ್ಟಿಯಲ್ಲಾದರೆ 7ರಿಂದ ಮೇಲೆ. ಜಿಂಪ್‌ನಲ್ಲಿ ಅಡ್ವಾನ್ಸ್‌ಡ್ ಆಪ್ಶನ್ಸ್ ಬಿಚ್ಚಿ ಸಬ್‌ಸ್ಯಾಂಪ್ಲಿಂಗ್ ಎದುರು 4:4:4 (ಬಣ್ಣವನ್ನು ಅರ್ಧ ಮಾಡದ ಆಯ್ಕೆ) ಆರಿಸಿ. ವೇಷದ ಫೋಟೋಗೆ ನಾನು ಯಾವಾಗಲೂ ಕ್ವಾಲಿಟಿ 85ರ ಆಸುಪಾಸು, 4:4:4 ಇಡುತ್ತೇನೆ. ಸೈಜ್ ಸ್ವಲ್ಪ ಜಾಸ್ತಿ ಆಗುತ್ತದೆ, ಆಗಲಿ.

ಸುರತ್ಕಲ್_ಪ್ರೆಸ್

ಪ್ರಿಂಟಿಂಗ್ ಕೆಲಸದವನು ನಾನು. ಒಂದು ಸೇರಿಸುತ್ತೇನೆ. ಆ ಪೆನ್‌ಡ್ರೈವ್‌ನಲ್ಲಿ ಬ್ಯಾನರಿಗೆ ಅಂತ ಮಾಡಿದ ಫೋಟೋಗಳೂ ಇದ್ದಾವಾ ನೋಡಿ. ಫ್ಲೆಕ್ಸಿಗೆ ಕೊಡುವಾಗ ಸಿಎಂವೈಕೆ, ಅಂದರೆ ಅಚ್ಚಿನ ಶಾಯಿಯ ಅಳತೆಗೆ, ಮಾಡಿಕೊಡುವವರು ಇದ್ದಾರೆ. ಅದೂ ಜೆಪಿಜಿಯೇ, ಹೊರಗಿನಿಂದ ವ್ಯತ್ಯಾಸ ಗೊತ್ತಾಗುವುದಿಲ್ಲ. ಸೈಟಿಗೆ ಹಾಕಿದರೆ ಕೆಲವು ಕಡೆ ಬಣ್ಣ ವಿಕಾರ ಆಗುತ್ತದೆ, ಕೆಲವು ಸಾಫ್ಟ್‌ವೇರ್ ಅದನ್ನು ನೆಗೆಟಿವ್ ಹಾಗೆ ತಿರುಗಿಸಿ ತೋರಿಸುವುದೂ ಉಂಟು. ಪ್ರಾಪರ್ಟೀಸ್‌ನ ಡೀಟೇಲ್ಸ್‌ನಲ್ಲಿ ಬಿಟ್ ಡೆಪ್ತ್ ಅಂತ ಇರುತ್ತದೆ. ಮಾಮೂಲಿ ಬಣ್ಣದ ಜೆಪೆಗ್‌ಗೆ 24. ಜೆಪೆಗ್‌ಗೆ 32 ಅಂತ ತೋರಿಸಿದರೆ ಸಿಎಂವೈಕೆ ಅಂತ ಸಂಶಯ ಪಡಿ.

ಅದನ್ನು ಎಸ್‌ಆರ್‌ಜಿಬಿಗೆ ಕನ್ವರ್ಟ್ ಮಾಡಬಹುದು. ಆದರೆ ಶಾಯಿಯ ಅಳತೆಗೆ ಇಳಿಸಿದಾಗ ಕಳೆದುಹೋದ ಕೆಂಪು ಪುನಃ ಬರುವುದಿಲ್ಲ. ಎಡಿಟ್ ಮಾಡಿದವರ ಹತ್ತಿರ ಮೂಲ ಫೈಲ್ ಇರುತ್ತದೆ, ವೆಬ್‌ಸೈಟಿಗೆ ಬೇರೆ ಕೊಡಿ ಅಂತ ಕೇಳಿ.

ಕಲ್ಯಾಣಪುರ_ಚೆಂಡೆ

ಎಲ್ಲ ಮಾಡಿ ನೋಡಿದೆ. ಮಂಕಾದದ್ದೆಲ್ಲ ಅಡೋಬ್ ಆರ್‌ಜಿಬಿಯೇ. ಕನ್ವರ್ಟ್ ಮಾಡಿ 2000ಕ್ಕೆ ಇಳಿಸಿ ಹಾಕಿದ ಕೂಡಲೇ ಕೆಂಪು ಎದ್ದು ಬಂತು! ಎರರ್ ಕೂಡ ಇಲ್ಲ. ಸಿಎಂವೈಕೆ ಎರಡು ಫೋಟೋ ಸಿಕ್ಕಿದವು, ಅವನ್ನು ಬದಿಗಿಟ್ಟು ಮೂಲ ಕೇಳಿದ್ದೇನೆ.

ಒಂದು ಫೋಟೋ ಮಾತ್ರ ಸರಿ ಮಾಡಿ ಹಾಕಿದರೂ ಹಳೇ ಬಣ್ಣವೇ ತೋರಿಸುತ್ತಿದೆ. ಅಡ್ಡ ಮಲಗಿದ್ದೂ ಹಾಗೇ ಇದೆ, ಅರ್ಧ ಬೂದು ಕೂಡ.

ಬಿಜೈ_ಸರ್ವರ್

ಹಳೇ ಬಣ್ಣ ತೋರಿಸುವುದು ಅದೇ ಹೆಸರಿನಲ್ಲಿ ಹಾಕಿದ್ದಕ್ಕೆ ಇರಬೇಕು. ಬ್ರೌಸರ್ ಹಳೆಯದನ್ನು ಎತ್ತಿಟ್ಟುಕೊಂಡಿರುತ್ತದೆ. ಕಂಟ್ರೋಲ್ ಒತ್ತಿ ಎಫ್5 ಕೊಟ್ಟು ನೋಡಿ. ನಿಮಗೆ ಸರಿ ಕಂಡರೂ ನೋಡುವವರ ಫೋನಿನಲ್ಲಿ ಹಳೆಯದೇ ಇರಬಹುದು, ಹಾಗಾಗಿ ಹೆಸರು ಬದಲಿಸಿ ಹಾಕುವುದು ಒಳ್ಳೆಯದು. ಹೆಸರಿನಲ್ಲಿ ಸ್ಪೇಸ್, ಹ್ಯಾಷ್, ಶೇಕಡಾ ಚಿಹ್ನೆ ಬೇಡ. ಇಂಗ್ಲಿಷಿನ ಸಣ್ಣ ಅಕ್ಷರ, ಅಂಕಿ, ಮಧ್ಯೆ ಅಡ್ಡಗೆರೆ ಸಾಕು. ಹೆಚ್ಚಿನ ಸರ್ವರ್‌ಗಳು ಲಿನಕ್ಸ್, ಅಲ್ಲಿ ದೊಡ್ಡ ಅಕ್ಷರದ ಜೆಪಿಜಿ ಬೇರೆ, ಸಣ್ಣ ಅಕ್ಷರದ ಜೆಪಿಜಿ ಬೇರೆ.

ಅಡ್ಡ ಮಲಗಿದ್ದು ಎಕ್ಸಿಫ್‌ನಿಂದ, ಅಂದರೆ ಫೋಟೋ ಜೊತೆ ಫೈಲಿನೊಳಗೇ ಕೂರುವ ವಿವರಗಳಿಂದ. ಫೋನನ್ನು ನೆಟ್ಟಗೆ ಹಿಡಿದು ತೆಗೆದರೂ ಎಷ್ಟೋ ಸಲ ಫೋಟೋವನ್ನು ಅಡ್ಡಕ್ಕೇ ಬರೆದು, ತಿರುಗಿಸಿ ತೋರಿಸಿ ಅಂತ ಒಂದು ಸೂಚನೆ ಇಟ್ಟಿರುತ್ತದೆ. ಆ ಸೂಚನೆ ಅಳಿಸಿ ಹೋದರೆ ಫೋಟೋ ಮಲಗುತ್ತದೆ. ಜಿಂಪ್‌ನಲ್ಲಿ ತೆರೆಯುವಾಗ ತಿರುಗಿಸಲಾ ಅಂತ ಕೇಳುತ್ತದೆ, ಹೌದು ಅನ್ನಿ, ಎಕ್ಸ್‌ಪೋರ್ಟ್ ಮಾಡಿ. ಆಗ ಪಿಕ್ಸೆಲ್‌ಗಳೇ ನೆಟ್ಟಗಾಗುತ್ತವೆ. ಅದೇ ಎಕ್ಸಿಫ್‌ನಲ್ಲಿ ಫೋಟೋ ತೆಗೆದ ಜಾಗವೂ ಇರಬಹುದು. ಯಾರದಾದರೂ ಮನೆಯಲ್ಲಿ ತೆಗೆದದ್ದಾದರೆ ಎಕ್ಸ್‌ಪೋರ್ಟ್ ಮಾಡುವಾಗ ಎಕ್ಸಿಫ್ ಟಿಕ್ ತೆಗೆದುಬಿಡಿ.

ಕಟಪಾಡಿ_ಕ್ಯಾಮೆರಾ

ಅರ್ಧ ಬೂದು ಆದದ್ದು ಅರ್ಧ ಕಾಪಿ ಆದ ಫೈಲ್. ಜೆಪೆಗ್ ಅನ್ನು ಮೇಲಿನಿಂದ ಕೆಳಗೆ ಸಾಲಾಗಿ ಓದುತ್ತಾ ಹೋಗುವುದು. ಎಲ್ಲಿ ತುಂಡಾಗಿದೆಯೋ ಅಲ್ಲಿಂದ ಕೆಳಗೆ ಏನೂ ಇಲ್ಲ, ಹಾಗಾಗಿ ಬೂದು. ಪೆನ್‌ಡ್ರೈವ್ ಸರಿಯಾಗಿ ಇಜೆಕ್ಟ್ ಮಾಡದೆ ಎಳೆದರೆ ಹೀಗಾಗುತ್ತದೆ. ಕರೆಂಟ್ ಹೋಗಿ ನೆಟ್ ಕಡಿದರೂ ಆಗುತ್ತದೆ, ನಮ್ಮ ಮಳೆಗಾಲದಲ್ಲಿ ಅದು ಹೊಸದಲ್ಲ. ಯಾವ ರಿಪೇರಿ ಸಾಫ್ಟ್‌ವೇರೂ ಇಲ್ಲದ ಬಣ್ಣವನ್ನು ತಂದುಕೊಡುವುದಿಲ್ಲ, ದುಡ್ಡು ಕೊಡಬೇಡಿ. ಮೂಲ ಇರುವಲ್ಲಿಂದ ಪುನಃ ಕಾಪಿ ತನ್ನಿ. ಎರಡೂ ಕಡೆ ಫೈಲಿನ ಸೈಜ್ ಒಂದೇ ಇದೆಯಾ ನೋಡಿಕೊಳ್ಳಿ.

ವಾಟ್ಸಾಪ್‌ನಲ್ಲಿ ತರಿಸುವುದಾದರೆ ಗ್ಯಾಲರಿಯಿಂದ ಕಳಿಸಲು ಹೇಳಬೇಡಿ, ಅದು ಸಣ್ಣ ಮಾಡಿ ಹಿಂಡುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಲಿ.

ಕುಂದಾಪ್ರ_ಮಾಣಿ

ಕಟಪಾಡಿಯಣ್ಣ, ಕಸೆ ಸೀರೆಯ ಮಾತು ಕೇಳಿ ನಮ್ಮ ಬದಿಯ ಮೇಳದ ಒಂದು ಫೋಟೋವನ್ನು ಎರಡೂ ರೀತಿ ಎಕ್ಸ್‌ಪೋರ್ಟ್ ಮಾಡಿ ದೊಡ್ಡದು ಮಾಡಿ ನೋಡಿದೆ. ಚೌಕುಳಿಯ ಗೆರೆಯಲ್ಲಿ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಒಪ್ಪಿದೆ. ಹಾಗಾದರೆ ವೆಬ್‌ಪಿ ಮಾಡಿದರೆ ಹೇಗೆ? ಸೈಜ್ ಕಡಿಮೆ ಅನ್ನುತ್ತಾರೆ.

ಕಟಪಾಡಿ_ಕ್ಯಾಮೆರಾ

ಸೈಜ್ ಕಡಿಮೆ, ಹೌದು. ವರ್ಡ್‌ಪ್ರೆಸ್ 5.8ರಿಂದ ತೆಗೆದುಕೊಳ್ಳುತ್ತದೆ ಕೂಡ. ಆದರೆ ಮಾಮೂಲಿ ವೆಬ್‌ಪಿಯಲ್ಲಿ ಬಣ್ಣ ಯಾವಾಗಲೂ ಅರ್ಧ ಅಳತೆಯದ್ದೇ, 4:4:4 ಇಡುವ ಆಯ್ಕೆ ಇಲ್ಲ. ಬಿಟ್ಟರೆ ಏನನ್ನೂ ಕಳೆಯದ ಲಾಸ್‌ಲೆಸ್, ಅದು ಭಾರ. ಕಾರ್ಯಕ್ರಮದ, ಸನ್ಮಾನದ ಫೋಟೋಗಳಿಗೆ ವೆಬ್‌ಪಿ ಮಾಡಿ. ವೇಷ ಹತ್ತಿರದಿಂದ ಕಾಣುವ ಫೋಟೋ ಜೆಪೆಗ್ ಇರಲಿ.

ಕಲ್ಯಾಣಪುರ_ಚೆಂಡೆ

ಮಲಗಿದ್ದು ನೆಟ್ಟಗಾಯಿತು. ಹೆಸರು ಬದಲಿಸಿದ್ದು ಸರಿ ತೋರಿಸುತ್ತಿದೆ. ಬೂದು ಆದದ್ದರ ಮೂಲ ನಾಳೆ ಸಿಗುತ್ತದಂತೆ. ಇನ್ನೊಂದೇ ಕೇಳುವುದು. ಎಡಿಟ್ ಮಾಡುವವರಿಗೆ ಮುಂದಿನ ಆಟಕ್ಕೆ ಮೊದಲೇ ಎಂತ ಹೇಳಿಡಲಿ?

ಕಟಪಾಡಿ_ಕ್ಯಾಮೆರಾ

ವೆಬ್‌ಸೈಟಿಗೆ ಬೇರೆ ಫೋಲ್ಡರ್, ಬ್ಯಾನರಿಗೆ ಬೇರೆ ಫೋಲ್ಡರ್ ಮಾಡಿಕೊಡಲಿ. ವೆಬ್‌ಸೈಟಿನದ್ದು ಜೆಪೆಗ್, ಎಸ್‌ಆರ್‌ಜಿಬಿ, ಉದ್ದದ ಬದಿ 2000, ಕ್ವಾಲಿಟಿ 85. ಲೇಯರ್ ಇರುವ ಮೂಲ ಅವರ ಹತ್ತಿರವೇ ಇರಲಿ. ಮತ್ತೆ ತಿದ್ದಬೇಕಾದರೆ ಮೂಲದಿಂದಲೇ ಹೊಸದಾಗಿ ಎಕ್ಸ್‌ಪೋರ್ಟ್ ಮಾಡಲಿ, ಸೈಟಿನಿಂದ ಇಳಿಸಿಕೊಂಡದ್ದನ್ನು ತಿದ್ದುವುದು ಬೇಡ. ಜೆಪೆಗ್ ಅನ್ನು ತೆರೆದು ತಿದ್ದಿ ಸೇವ್ ಮಾಡಿದಷ್ಟೂ ಸಲ ಸ್ವಲ್ಪ ಸ್ವಲ್ಪ ಸವೆಯುತ್ತದೆ.

ಕಲ್ಯಾಣಪುರ_ಚೆಂಡೆ

ಇದನ್ನೇ ಕಾಪಿ ಮಾಡಿ ಈಗಲೇ ಅವರಿಗೆ ಕಳಿಸುತ್ತೇನೆ. ಬಣ್ಣದ ವೇಷದ ಫೋಟೋವನ್ನು ಮುಖಪುಟಕ್ಕೆ ಹಾಕಿದ್ದೇನೆ, ಫೋನಿನಲ್ಲೂ ದೊಡ್ಡ ಪರದೆಯಲ್ಲೂ ಒಮ್ಮೆ ನೋಡಿ ಹೇಳಿ.

ಸುರತ್ಕಲ್_ಪ್ರೆಸ್

ಎರಡರಲ್ಲೂ ನೋಡಿದೆ. ಕೆಂಪು ಸರಿ ಇದೆ, ಚಿಟ್ಟಿ ಬಿಡಿಬಿಡಿಯಾಗಿ ಕಾಣುತ್ತದೆ. ಫೋನಿನಲ್ಲಿ ಕಿರೀಟದ ತುದಿ ಮಾತ್ರ ಕತ್ತರಿಸಿ ಹೋಗುತ್ತಿದೆ. ಅದು ಥೀಮ್‌ನ ಕ್ರಾಪ್, ಫೋಟೋದಲ್ಲಿ ಏನೂ ತೊಂದರೆ ಇಲ್ಲ. ಮೇಲೆ ಸ್ವಲ್ಪ ಜಾಗ ಬಿಟ್ಟ ಫ್ರೇಮ್ ಇದ್ದರೆ ಅದನ್ನು ಹಾಕಿ.